ಡಿಗ್ರಿ ನಡುವೆ ಒಂದು ಸೆಮಿಸ್ಟರ್ ಫಾರಿನ್: ಬಳ್ಳಾರಿಯ ಕನ್ಸಲ್ಟೆನ್ಸಿ ಪ್ಯಾಕೇಜು ಕೊಟ್ಟ ದುಡ್ಡಿಗೆ ಬಾಳುತ್ತದೆಯೇ?

ಡಿಗ್ರಿ ಮುಗಿಸಿಕೊಂಡು ಎಂಎಸ್‌ಗೆ ಹೋಗುವುದು ಬೇರೆ. ಡಿಗ್ರಿ ಓದುತ್ತಿರುವಾಗಲೇ ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಿ, ವಾಪಸ್ ಬಂದು ಇಲ್ಲಿಯೇ ಪದವಿ ತೆಗೆದುಕೊಳ್ಳುವುದು ಬೇರೆ. ಮೊದಲನೆಯದರ ಬಗ್ಗೆ ಬಳ್ಳಾರಿ, ರಾಯಚೂರು, ಗಂಗಾವತಿ ಕಡೆಯ ಮನೆಗಳಲ್ಲಿ ಈಗ ಸಾಕಷ್ಟು ತಿಳಿವಳಿಕೆ ಇದೆ. ಎರಡನೆಯದು ಹೊಸ ಸರಕು. ಐಇಎಲ್‌ಟಿಎಸ್ ಕೋಚಿಂಗ್ ಬೋರ್ಡುಗಳ ಕೆಳಗೆ ಈಚೆಗೆ 'ಸೆಮಿಸ್ಟರ್ ಅಬ್ರಾಡ್' ಅಂತಲೂ ಬರೆದಿರುತ್ತಾರೆ. ಹದಿನೈದು ದಿನದ 'ಗ್ಲೋಬಲ್ ಇಮ್ಮರ್ಷನ್' ಅನ್ನೋ ವಿದೇಶಿ ಟೂರೂ ಅದರ ಪಕ್ಕದಲ್ಲೇ ಇರುತ್ತದೆ. ಈ ವಿಮರ್ಶೆ ಇವೆರಡರದು. ಯಾವ ಅಂಗಡಿಯ ಹೆಸರೂ ಇಲ್ಲಿಲ್ಲ. ಎಲ್ಲರೂ ಮಾರುವ ಸರಕು ಹೆಚ್ಚೂಕಡಿಮೆ ಒಂದೇ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಡಿಗ್ರಿ ನಡುವಿನ ವಿದೇಶಿ ಸೆಮಿಸ್ಟರ್ ಒಳ್ಳೆಯದೇ, ಕೆಲವರಿಗಂತೂ ಬಹಳ ಒಳ್ಳೆಯದು. ಆದರೆ ಅದನ್ನು ಕನ್ಸಲ್ಟೆನ್ಸಿಯಿಂದ ಕೊಳ್ಳುವುದು ಹೆಚ್ಚಿನವರಿಗೆ ಬೇಕಿಲ್ಲ. ಐದು ಅಂಕಕ್ಕೆ ಓದಿಗೆ ನಾಲ್ಕು, ಪ್ಯಾಕೇಜಿಗೆ ಎರಡು. ಇಮ್ಮರ್ಷನ್ ಟೂರಿಗೆ ಒಂದು ಕೊಡುವುದೂ ಉದಾರತನವೇ.

ವ್ಯತ್ಯಾಸ ಶುರುವಾಗುವುದು ಫೀಸಿನಲ್ಲಿ. ಎರಡು ವಿಶ್ವವಿದ್ಯಾಲಯಗಳ ನಡುವೆ ವಿನಿಮಯ ಒಪ್ಪಂದ ಇದ್ದರೆ ವಿದ್ಯಾರ್ಥಿ ತನ್ನ ಕಾಲೇಜಿನ ಫೀಸನ್ನು ಇಲ್ಲಿಯೇ ಕಟ್ಟಿ ಅಲ್ಲಿ ಟ್ಯೂಷನ್ ಇಲ್ಲದೆ ಓದುತ್ತಾನೆ. ಅಲ್ಲಿಯವರು ಇಲ್ಲಿ ಬಂದರೂ ಅದೇ ಲೆಕ್ಕ. ಇದೇ ಎಕ್ಸ್‌ಚೇಂಜ್. ಒಪ್ಪಂದವಿಲ್ಲದೆ ನೇರವಾಗಿ ಅರ್ಜಿ ಹಾಕಿ, ಅಲ್ಲಿನ ಪೂರ್ತಿ ಟ್ಯೂಷನ್ ಕಟ್ಟಿ ಒಂದು ಸೆಮಿಸ್ಟರ್ ಕೂರುವವರನ್ನು 'ಫ್ರೀ ಮೂವರ್' ಎನ್ನುತ್ತಾರೆ. ಕನ್ಸಲ್ಟೆನ್ಸಿ ಪ್ಯಾಕೇಜು ಹೆಚ್ಚಾಗಿ ಈ ಎರಡನೆಯ ದಾರಿಯದು. ಹೆಸರಲ್ಲಿ 'ಫ್ರೀ' ಇದ್ದರೂ ದುಡ್ಡು ಎರಡೂ ಕಡೆ ಹೋಗುತ್ತದೆ, ಯಾಕೆಂದರೆ ಇಲ್ಲಿನ ಕಾಲೇಜು ಆ ಸೆಮಿಸ್ಟರಿನ ಫೀಸು ಬಿಡುವುದಿಲ್ಲ.

ಕನ್ಸಲ್ಟೆನ್ಸಿಯವರು ಎಕ್ಸ್‌ಚೇಂಜ್ ಬಗ್ಗೆ ಬಾಯಿ ಬಿಡದಿರುವುದಕ್ಕೆ ಕಾರಣ ಸರಳ. 'ನಮ್ಮ ಸೇವೆ ಉಚಿತ' ಎನ್ನುವ ಏಜೆಂಟರ ಸಂಪಾದನೆ ಬರುವುದು ವಿದೇಶಿ ವಿಶ್ವವಿದ್ಯಾಲಯ ಕೊಡುವ ಕಮಿಷನ್ನಿನಿಂದ. ಅದು ವಿದ್ಯಾರ್ಥಿ ಕಟ್ಟುವ ಟ್ಯೂಷನ್ನಿನ ಒಂದು ಪಾಲು. ಟ್ಯೂಷನ್ನೇ ಇಲ್ಲದ ಕಡೆ ಕಮಿಷನ್ ಎಲ್ಲಿಂದ ಬರಬೇಕು? ಜರ್ಮನಿ ಅಂತ ಕೇಳಿದರೆ ಸರ್ಕಾರಿ ವಿಶ್ವವಿದ್ಯಾಲಯ ಬಿಟ್ಟು ಖಾಸಗಿಯ ಬ್ರೋಷರ್ ಕೈಗೆ ಬರುವುದೂ ಇದೇ ಲೆಕ್ಕಾಚಾರದಲ್ಲಿ. ಇದು ಮೋಸವಲ್ಲ, ವ್ಯಾಪಾರ. ಕೌಂಟರಿನ ಆಚೆ ಕೂತವರು ಯಾರ ಕಡೆಯವರು ಅನ್ನೋದು ಗೊತ್ತಿದ್ದರೆ ಸಾಕು.

ಇನ್ನು ನಿಜವಾದ ತಲೆನೋವು: ಕ್ರೆಡಿಟ್, ಅಂದರೆ ಪಾಸಾದ ಪ್ರತಿ ಪೇಪರಿಗೆ ಪದವಿಯ ಲೆಕ್ಕಕ್ಕೆ ಸೇರುವ ಪಾಯಿಂಟು. ಇಡೀ ವ್ಯವಹಾರ ನಿಲ್ಲುವುದೂ ಬೀಳುವುದೂ ಇಲ್ಲೇ.

ಈ ಭಾಗದ ಎಂಜಿನಿಯರಿಂಗ್ ಕಾಲೇಜುಗಳು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿ ಬರುತ್ತವೆ. ಬಿಎ, ಬಿಎಸ್ಸಿ, ಬಿಕಾಂ ಕಾಲೇಜುಗಳು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ರಾಯಚೂರಿನ ಅಥವಾ ಕೊಪ್ಪಳದ ವಿಶ್ವವಿದ್ಯಾಲಯದ ಅಡಿ. ಸಂಯೋಜಿತ ಕಾಲೇಜಿನ ಪ್ರಿನ್ಸಿಪಾಲರಿಗೆ ರಜೆ ಕೊಡುವ ಅಧಿಕಾರವಿದೆ, ಅಂಕ ಕೊಡುವ ಅಧಿಕಾರವಿಲ್ಲ. ಅಲ್ಲಿ ಓದಿದ ಪೇಪರು ಇಲ್ಲಿನ ಯಾವ ಪೇಪರಿಗೆ ಸಮ ಅನ್ನೋದನ್ನು ತೀರ್ಮಾನಿಸಬೇಕಾದದ್ದು ವಿಶ್ವವಿದ್ಯಾಲಯ. ಸ್ವಾಯತ್ತ ಕಾಲೇಜಾದರೆ ಅದರದೇ ಬೋರ್ಡ್ ಆಫ್ ಸ್ಟಡೀಸ್ (ಪಠ್ಯಕ್ರಮ ಸಮಿತಿ) ಇದನ್ನು ನೋಡುತ್ತದೆ, ಕೆಲಸ ಎಷ್ಟೋ ಹಗುರ. ಸಂಯೋಜಿತ ಕಾಲೇಜಿನ ಲೆಟರ್‌ಹೆಡ್‌ನಲ್ಲಿ 'ಅಭ್ಯಂತರವಿಲ್ಲ' ಅಂತ ಬರೆಸಿಕೊಂಡು ವಿಮಾನ ಹತ್ತಿದವರಿಗೆ ವಾಪಸ್ ಬಂದಾಗ ಕಾಯುವುದು ಆ ಸೆಮಿಸ್ಟರಿನ ಎಲ್ಲ ಪೇಪರುಗಳಲ್ಲೂ ಗೈರುಹಾಜರಿ. ವಿಟಿಯುನಲ್ಲಿ ಹಾಜರಾತಿ 85 ಪರ್ಸೆಂಟ್ ಬೇಕು. ವಿದೇಶದಲ್ಲಿ ಕೂತ ತರಗತಿಯನ್ನು ಹಾಜರಾತಿ ಅಂತ ಪರಿಗಣಿಸುವ ಆದೇಶ ಕೈಯಲ್ಲಿಲ್ಲದಿದ್ದರೆ ಆ ಸೆಮಿಸ್ಟರ್ ಮತ್ತೆ ಓದಬೇಕಾಗುತ್ತದೆ.

ಇದಕ್ಕೆ ಬೇಕಾದ ಕಾಗದದ ಹೆಸರು ಲರ್ನಿಂಗ್ ಅಗ್ರಿಮೆಂಟ್. ಅದರಲ್ಲಿ ಮೂರು ಸಹಿ ಇರಬೇಕು: ವಿದ್ಯಾರ್ಥಿಯದು, ಇಲ್ಲಿನ ಸಂಸ್ಥೆಯದು, ಅಲ್ಲಿನ ಸಂಸ್ಥೆಯದು. ಅಲ್ಲಿನ ಪ್ರತಿ ಪೇಪರಿನ ಕೋಡು, ಕ್ರೆಡಿಟ್, ಅದಕ್ಕೆ ಬದಲಾಗಿ ಇಲ್ಲಿ ಬಿಟ್ಟುಕೊಡುವ ಪೇಪರಿನ ಕೋಡು, ಎರಡೂ ಒಂದೇ ಸಾಲಿನಲ್ಲಿ ಎದುರುಬದುರು ಬರಬೇಕು. 'ಒಟ್ಟು ಇಷ್ಟು ಕ್ರೆಡಿಟ್ ಮಾನ್ಯ' ಅಂತ ಗೋಲಮಾಲಾಗಿ ಬರೆದದ್ದು ಪರೀಕ್ಷಾ ವಿಭಾಗದಲ್ಲಿ ನಡೆಯುವುದಿಲ್ಲ. ಸಿಲಬಸ್ ಪ್ರತಿಯನ್ನು ಹೋಗುವ ಮೊದಲೇ ಲಗತ್ತಿಸಿ. ಯುರೋಪಿನಲ್ಲಿ ಸೆಮಿಸ್ಟರಿಗೆ 30 ಇಸಿಟಿಎಸ್ (ಯುರೋಪಿನ ಸಾಮಾನ್ಯ ಕ್ರೆಡಿಟ್ ಪದ್ಧತಿ) ಕ್ರೆಡಿಟ್, ಒಂದೊಂದಕ್ಕೂ 25ರಿಂದ 30 ಗಂಟೆಗಳ ಓದು. ವಿಟಿಯು ಬಿಇ 8 ಸೆಮಿಸ್ಟರಿಗೆ 160 ಕ್ರೆಡಿಟ್, ಅಂದರೆ ಸರಾಸರಿ 20. ಹೀಗಾಗಿ ಒಂದೂವರೆ ಇಸಿಟಿಎಸ್‌ಗೆ ಇಲ್ಲಿನ ಒಂದು ಕ್ರೆಡಿಟ್ ಅಂತ ಅಂದಾಜು ಕಟ್ಟಬಹುದು. ಆದರೆ ಅಂದಾಜು ಅಂದಾಜೇ, ಲಿಖಿತವಾಗಿ ಬಂದದ್ದು ಮಾತ್ರ ನಿಲ್ಲುತ್ತದೆ.

ಗ್ರೇಡಿನದು ಇನ್ನೊಂದು ಫಜೀತಿ. ಜರ್ಮನಿಯಲ್ಲಿ 1.0 ಅಂದರೆ ಅತ್ಯುತ್ತಮ, 4.0 ಕನಿಷ್ಠ ಪಾಸು, 5.0 ಫೇಲು. ನಮ್ಮಲ್ಲಿ ಹತ್ತರ ಕಡೆ ಹೋದಷ್ಟೂ ಒಳ್ಳೆಯದು. 1.3 ತಂದ ಹುಡುಗಿಯ ಅಂಕಪಟ್ಟಿ ನೋಡಿ ಇಲ್ಲಿನ ಗುಮಾಸ್ತರು 'ಪಾಪ, ಹೋಗಿ ಫೇಲಾಗಿ ಬಂದಾಳ' ಅಂದರೆ ಆಶ್ಚರ್ಯವಿಲ್ಲ. ಗ್ರೇಡ್ ಬದಲಿಸುವ ಸೂತ್ರ ಯಾವುದು ಅನ್ನೋದನ್ನೂ ಅಗ್ರಿಮೆಂಟಿನಲ್ಲೇ ಬರೆಸಿಕೊಳ್ಳಿ. ಇಲ್ಲವೇ ಗ್ರೇಡ್ ಸೇರಿಸದೆ ಬರೀ ಕ್ರೆಡಿಟ್ ಮಾತ್ರ ಸೇರಿಸುವಂತೆ ಕೇಳಿ. ಸಿಜಿಪಿಎ ಚೆನ್ನಾಗಿರುವವರಿಗೆ ಈ ಎರಡನೆಯದೇ ಕ್ಷೇಮ.

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮಗಳನ್ನು ಕನ್ಸಲ್ಟೆನ್ಸಿಯವರು ಕರಪತ್ರದಲ್ಲಿ ದೊಡ್ಡದಾಗಿ ಹಾಕುತ್ತಾರೆ. ಅವು ಟ್ವಿನ್ನಿಂಗ್ (ಪದವಿ ಇಲ್ಲಿಯದು, ಓದಿನ ಒಂದು ಭಾಗ ಅಲ್ಲಿ), ಜಾಯಿಂಟ್ ಡಿಗ್ರಿ (ಎರಡೂ ಸಂಸ್ಥೆ ಸೇರಿ ಕೊಡುವ ಒಂದು ಪದವಿ), ಡ್ಯುಯಲ್ ಡಿಗ್ರಿಗಳದು (ಎರಡೂ ಬೇರೆ ಬೇರೆಯಾಗಿ ಕೊಡುವ ಪದವಿ). ಟ್ವಿನ್ನಿಂಗ್‌ನಲ್ಲಿ 30 ಪರ್ಸೆಂಟ್‌ವರೆಗೆ ಕ್ರೆಡಿಟ್ ಹೊರಗೆ ಗಳಿಸಬಹುದು, ನಿಜ. ಆದರೆ ಅದಕ್ಕೆ ಇಲ್ಲಿನ ಸಂಸ್ಥೆಗೆ ನ್ಯಾಕ್‌ನಲ್ಲಿ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಕನಿಷ್ಠ 3.01 ಅಂಕ ಇರಬೇಕು, ಇಲ್ಲವೇ ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರದ ರ‍್ಯಾಂಕಿಂಗ್) ವಿಶ್ವವಿದ್ಯಾಲಯ ಪಟ್ಟಿಯ ಮೊದಲ ನೂರರಲ್ಲಿ ಇರಬೇಕು, ಇಲ್ಲವೇ 'ಶ್ರೇಷ್ಠ ಸಂಸ್ಥೆ' ಪಟ್ಟಿಯಲ್ಲಿ ಇರಬೇಕು. ಹೊರಗಿನದು ಟೈಮ್ಸ್ ಅಥವಾ ಕ್ಯೂಎಸ್ ಜಾಗತಿಕ ರ‍್ಯಾಂಕಿಂಗ್ ಪಟ್ಟಿಯ ಮೊದಲ ಸಾವಿರದಲ್ಲಿ ಇರಬೇಕು. ಮೇಲಾಗಿ ಎರಡೂ ಸಂಸ್ಥೆಗಳ ನಡುವೆ ಒಪ್ಪಂದ ಆಗಿರಬೇಕು. ವಿದ್ಯಾರ್ಥಿ ತಾನೇ ಹೋಗಿ ತಂದ ಕ್ರೆಡಿಟ್ಟಿಗೆ ಈ ನಿಯಮ ಕವಚವಲ್ಲ. 'ಯುಜಿಸಿ ಮಾನ್ಯತೆ ಇದೆ ಸಾರ್' ಅಂದವರನ್ನು 'ಯಾವ ಒಪ್ಪಂದದ ಅಡಿ? ಅದರ ಪ್ರತಿ ತೋರಿಸ್ರಿ' ಅಂತ ಕೇಳಿ ನೋಡಿ.

ಕ್ಯಾಲೆಂಡರಿನ ವಿಷಯ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠ ಫೆಬ್ರವರಿವರೆಗೆ ನಡೆಯುತ್ತದೆ, ಪರೀಕ್ಷೆ ಆಮೇಲೆ. ಇಲ್ಲಿ ಅಷ್ಟರೊಳಗೆ ಸಮ ಸೆಮಿಸ್ಟರ್ ಶುರುವಾಗಿರುತ್ತದೆ, ಮೊದಲ ಇಂಟರ್ನಲ್ ಮುಗಿದಿದ್ದರೂ ಹೇಳಲಾಗದು. ಜಪಾನಿನಲ್ಲಿ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ, ಆಸ್ಟ್ರೇಲಿಯಾದಲ್ಲಿ ಫೆಬ್ರವರಿ ಕೊನೆ. ಇಂಟರ್ನಲ್ ಪರೀಕ್ಷೆಯನ್ನು ತಡವಾಗಿ ಬರೆಯಲು ಅನುಮತಿ ಬೇಕಾಗುತ್ತದೆ, ಅದನ್ನೂ ಹೋಗುವ ಮೊದಲೇ ಕೇಳಿಟ್ಟುಕೊಳ್ಳಿ. ಬಿಇಯವರಿಗೆ 5ನೇ ಸೆಮಿಸ್ಟರ್ ಸರಿಯಾದ ಹೊತ್ತು. 7ನೆಯದು ಪ್ಲೇಸ್‌ಮೆಂಟಿನ ಕಾಲ, ಆಗ ಹೊರಗಿದ್ದರೆ ಕಂಪನಿಗಳು ಬಂದುಹೋಗುತ್ತವೆ. ರಾಜ್ಯದಲ್ಲಿ 2024ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿರುವುದರಿಂದ ಬಿಎ, ಬಿಕಾಂನವರಿಗೆ ಉಳಿಯುವುದು 4 ಅಥವಾ 5ನೇ ಸೆಮಿಸ್ಟರ್ ಮಾತ್ರ. ಅಕ್ಟೋಬರಿನಲ್ಲಿ ಹೋಗಬೇಕಾದವರು ಹಿಂದಿನ ವರ್ಷದ ಅಕ್ಟೋಬರಿನಲ್ಲೇ ಕೆಲಸ ಶುರುಮಾಡಬೇಕು. ಹೆಸರು ಶಿಫಾರಸು ಮಾಡುವುದು ಇಲ್ಲಿನ ಸಂಸ್ಥೆಯ ಕೆಲಸ, ಅದಕ್ಕೆ ಕೊನೆಯ ದಿನ ಸಾಮಾನ್ಯವಾಗಿ ಬೇಸಿಗೆಯಲ್ಲಿ ಬರುತ್ತದೆ.

ದುಡ್ಡಿನ ಲೆಕ್ಕಕ್ಕೂ ಜರ್ಮನಿಯನ್ನೇ ಹಿಡಿಯೋಣ, ಅಲ್ಲಿನ ಅಂಕಿಗಳು ಸ್ಪಷ್ಟ. ಬ್ಲಾಕ್ಡ್ ಅಕೌಂಟಿನಲ್ಲಿ (ವೀಸಾಕ್ಕಾಗಿ ಜೀವನವೆಚ್ಚದ ಹಣ ಮೊದಲೇ ಇಡುವ ಖಾತೆ) ತಿಂಗಳಿಗೆ 992 ಯೂರೊ ತೋರಿಸಬೇಕು, ವರ್ಷಕ್ಕಾದರೆ 11,904. ಆರು ತಿಂಗಳಿಗೆ 5,952 ಯೂರೊ. ಯೂರೊಗೆ ನೂರು ರೂಪಾಯಿ ಹಿಡಿದರೆ ಆರು ಲಕ್ಷ. ಇದು ಖರ್ಚಲ್ಲ, ನಿಮ್ಮದೇ ದುಡ್ಡು, ತಿಂಗಳಿಗಿಷ್ಟು ಅಂತ ವಾಪಸ್ ಬರುತ್ತದೆ. ಆದರೆ ಮೊದಲೇ ಒಟ್ಟಿಗೆ ಇಡಬೇಕು. ಅದರ ಮೇಲೆ ವೀಸಾ ಶುಲ್ಕ 75 ಯೂರೊ, ಹೋಗಿಬರುವ ವಿಮಾನ, 100ರಿಂದ 350 ಯೂರೊವರೆಗಿನ ಸೆಮಿಸ್ಟರ್ ಶುಲ್ಕ. ಆರೋಗ್ಯ ವಿಮೆ, ಬಾಡಿಗೆ, ಊಟ ಆ 992ರೊಳಗೇ ಮುಗಿಯಬೇಕು. ಮ್ಯೂನಿಕ್ ಬಿಟ್ಟು ಸಣ್ಣ ಊರು ಆರಿಸಿಕೊಂಡವರಿಗೆ ಮುಗಿಯುತ್ತದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಟ್ಯೂಷನ್ ಇದೆ, ಎಕ್ಸ್‌ಚೇಂಜ್‌ನಲ್ಲಿ ಹೋದವರಿಗೆ ಅದು ಇಲ್ಲ. ಇಲ್ಲೂ ಅದೇ ವ್ಯತ್ಯಾಸ.

ಪ್ಯಾಕೇಜಿನ ಬಿಲ್ಲಿನಲ್ಲಿ 'ಟಿಸಿಎಸ್' (ಹಣ ಪಡೆಯುವಾಗಲೇ ವಸೂಲು ಮಾಡುವ ಆದಾಯ ತೆರಿಗೆ) ಅಂತ ಒಂದು ಸಾಲು ಕಂಡರೆ ನಿಂತು ನೋಡಿ. 2025ರ ಏಪ್ರಿಲ್‌ನಿಂದ ಹೊರದೇಶಕ್ಕೆ ಓದಿನ ದುಡ್ಡು ಕಳಿಸುವಾಗ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷದವರೆಗೆ ಟಿಸಿಎಸ್ ಇಲ್ಲ. ಒಂದು ಸೆಮಿಸ್ಟರಿಗೆ ಆ ಮಿತಿ ಸಾಮಾನ್ಯವಾಗಿ ದಾಟುವುದಿಲ್ಲ. ಆದರೆ ಅದೇ ಸರಕನ್ನು 'ವಿದೇಶಿ ಟೂರ್ ಪ್ಯಾಕೇಜ್' ಅಂತ ಬಿಲ್ ಮಾಡಿದರೆ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಬೀಳುತ್ತದೆ. ಹೀಗೆ ಕಟ್ಟಿದ್ದು ಮುಳುಗುವುದಿಲ್ಲ. ದುಡ್ಡು ಕಟ್ಟಿದವರ ಪ್ಯಾನ್ ಮೇಲೆ ಜಮಾ ಆಗಿರುತ್ತದೆ, ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ರಿಟರ್ನ್ ಹಾಕುವ ಅಭ್ಯಾಸವೇ ಇಲ್ಲದ ರೈತ ಕುಟುಂಬಗಳಲ್ಲಿ ಅದು ಅಲ್ಲೇ ಉಳಿದುಬಿಡುತ್ತದೆ.

ರೈತ ಕುಟುಂಬದ ಮಾತು ಬಂತಲ್ಲ, ಈ ಭಾಗದಲ್ಲಿ ವೀಸಾ ಅರ್ಜಿ ಎಡವುವ ಮುಖ್ಯ ಜಾಗ ಅದೇ. ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆ ನೀರಾವರಿ ಗದ್ದೆ ಇದ್ದವರಿಗೆ ಆಸ್ತಿಗೆ ಕೊರತೆಯಿಲ್ಲ, ಕಾಗದಕ್ಕೆ ಕೊರತೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಮೂರು ವರ್ಷದ ರಿಟರ್ನ್ ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಭತ್ತ, ಮೆಣಸಿನಕಾಯಿ ಮಾರಿದ ದುಡ್ಡು ನಗದಾಗಿ ಬಂದು ನಗದಾಗಿ ಹೋಗಿರುತ್ತದೆ. ಹೋಗುವುದಕ್ಕೆ ಎರಡು ಸುಗ್ಗಿ ಮೊದಲಿನಿಂದಲೇ ಮಾರಾಟದ ಹಣವನ್ನು ಬ್ಯಾಂಕಿಗೇ ಹಾಕಿಸಿಕೊಳ್ಳಿ. ದಲಾಲಿ ಅಂಗಡಿಯ ಮಾರಾಟದ ಚೀಟಿ, ಪಹಣಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಒಂದಕ್ಕೊಂದು ತಾಳೆಯಾಗಬೇಕು.

ಇದನ್ನು ಮಾಡದವರಿಗಾಗಿಯೇ ಪೇಟೆಯಲ್ಲಿ ಒಂದು ಅಡ್ಡದಾರಿ ಇದೆ. ಫೈನಾನ್ಸಿನವರು ಬಡ್ಡಿಗೆ ದುಡ್ಡು ತಂದು ಖಾತೆಯಲ್ಲಿ ಕೆಲ ವಾರ ಕೂರಿಸಿ, ಸ್ಟೇಟ್‌ಮೆಂಟ್ ತೆಗೆದ ಮೇಲೆ ವಾಪಸ್ ಒಯ್ಯುತ್ತಾರೆ. ಬ್ರಿಟನ್ನಿನ ಸ್ಟೂಡೆಂಟ್ ವೀಸಾಕ್ಕೆ ದುಡ್ಡು ಸತತ 28 ದಿನ ಖಾತೆಯಲ್ಲಿ ಇರಬೇಕೆಂಬ ನಿಯಮವೇ ಈ ವ್ಯಾಪಾರಕ್ಕೆ ಬಂಡವಾಳ. ವೀಸಾ ಅಧಿಕಾರಿಗಳು ಮೊದಲು ನೋಡುವುದೇ ಒಮ್ಮೆಗೇ ಬಂದುಬಿದ್ದ ದೊಡ್ಡ ಮೊತ್ತವನ್ನು. ಸುಳ್ಳು ದಾಖಲೆ ಅಂತ ಸಾಬೀತಾದರೆ ಬ್ರಿಟನ್‌ಗೆ ಹತ್ತು ವರ್ಷ ಬಾಗಿಲು ಮುಚ್ಚುತ್ತದೆ. ಒಂದು ಸೆಮಿಸ್ಟರಿನ ಆಸೆಗೆ ಮುಂದಿನ ಎಂಎಸ್ಸನ್ನೂ ಕಳಕೊಂಡಂತೆ. ಈ 'ಸೌಲಭ್ಯ'ವನ್ನು ಪ್ಯಾಕೇಜಿನಲ್ಲಿ ಸೇರಿಸಿ ಹೇಳುವ ಕನ್ಸಲ್ಟೆನ್ಸಿಯಿಂದ ಆ ಕ್ಷಣವೇ ಎದ್ದು ಬನ್ನಿ.

ಸಾಲದ ವಿಷಯದಲ್ಲಿ ಹೆಚ್ಚು ಆಸೆ ಬೇಡ. ಬ್ಯಾಂಕುಗಳ ಶಿಕ್ಷಣ ಸಾಲ ಪದವಿ ಕೋರ್ಸುಗಳ ಲೆಕ್ಕದಲ್ಲಿ ಹೆಣೆದದ್ದು, ಒಂದು ಸೆಮಿಸ್ಟರಿಗೆ ಅಂತ ಕೇಳಿದರೆ ಮ್ಯಾನೇಜರ್ ತಲೆ ಕೆರೆದುಕೊಳ್ಳುತ್ತಾರೆ. ಏಳೂವರೆ ಲಕ್ಷದವರೆಗೆ ಅಡಮಾನ ಬೇಡ. ಅದರ ಮೇಲೆ ಬೇಕಾದರೆ ಕೃಷಿ ಜಮೀನನ್ನು ಸಾಮಾನ್ಯವಾಗಿ ಅಡಮಾನಕ್ಕೆ ತೆಗೆದುಕೊಳ್ಳುವುದಿಲ್ಲ, ಎಕರೆಗೆ ಎಷ್ಟೇ ಲಕ್ಷ ಬೆಲೆ ಇರಲಿ. ಊರೊಳಗಿನ ಮನೆ ಅಥವಾ ಸೈಟಿನ ಕಾಗದ ಕೇಳುತ್ತಾರೆ.

ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಬೇಕಿಲ್ಲ, ಬಳ್ಳಾರಿಯಲ್ಲೂ ರಾಯಚೂರಿನಲ್ಲೂ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಶುಲ್ಕ 1,500 ರೂಪಾಯಿ, ತತ್ಕಾಲಕ್ಕೆ ಇನ್ನೂ 2,000. ಇದಕ್ಕೆ ಸಾವಿರಗಟ್ಟಲೆ ಕೊಟ್ಟು ಏಜೆಂಟ್ ಹಿಡಿಯುವುದು ದಂಡ. ತೊಡಕು ಬರುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಹೆಸರು ಮತ್ತು ಇನಿಷಿಯಲ್, ಆಧಾರ್‌ನಲ್ಲಿ ಮನೆತನದ ಹೆಸರು ಸೇರಿಕೊಂಡಿದೆ, ಕಾಗುಣಿತ ಎರಡರಲ್ಲೂ ಬೇರೆ. ಸರ್‌ನೇಮ್ ಜಾಗ ಖಾಲಿ ಬಿಟ್ಟು ಪಾಸ್‌ಪೋರ್ಟ್ ಮಾಡಿಸಿದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬೀಳುತ್ತದೆ. ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಅಲ್ಲಿನ ಕಾಲೇಜಿನ ದಾಖಲೆ, ಬ್ಯಾಂಕು, ಎಲ್ಲ ಕಡೆ ಅದೇ ಹೆಸರು. ಎಸ್ಸೆಸ್ಸೆಲ್ಸಿ ಪಟ್ಟಿಯನ್ನೇ ಆಧಾರ ಮಾಡಿಕೊಂಡು ಉಳಿದವನ್ನು ಅದಕ್ಕೆ ಸರಿಹೊಂದಿಸಿ.

ವೀಸಾಕ್ಕೆ ಎಲ್ಲಿಗೆ ಹೋಗಬೇಕು ಅನ್ನೋದರಲ್ಲೂ ರಾಯಚೂರಿನವರು ಎಡವುತ್ತಾರೆ. ಹೈದರಾಬಾದ್ ಹತ್ತಿರ ಅಂತ ಅಲ್ಲಿಗೆ ಹೋದರೆ ಅಮೆರಿಕದ ವೀಸಾಕ್ಕೆ ನಡೆಯುತ್ತದೆ, ಕಾನ್ಸುಲೇಟ್ ಅಲ್ಲಿದೆ. ಜರ್ಮನಿಯ ದೀರ್ಘಾವಧಿ ವೀಸಾಕ್ಕೆ ನಡೆಯುವುದಿಲ್ಲ, ಕರ್ನಾಟಕದವರಿಗೆ ಬೆಂಗಳೂರೇ ಗತಿ. ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ) ಸಾಮಾನ್ಯ ವೀಸಾ 90 ದಿನಕ್ಕೆ ಮಾತ್ರ, ಒಂದು ಸೆಮಿಸ್ಟರಿಗೆ ಅದು ಸಾಲದು. 'ಮೊದಲು ಟೂರಿಸ್ಟ್ ಮೇಲೆ ಹೋಗ್ರಿ, ಆಮೇಲೆ ನೋಡೋಣ' ಎನ್ನುವ ಸಲಹೆ ಕೇಳಿದರೆ ಮುಂದೆ ಓದಬೇಕಿಲ್ಲ. ಬ್ರಿಟನ್ ಮಾತ್ರ ಬೇರೆ: ವಿಸಿಟರ್ ವೀಸಾದಲ್ಲೇ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಆರು ತಿಂಗಳವರೆಗೆ ಓದಬಹುದು, ಕೆಲಸ ಮಾತ್ರ ಮಾಡುವಂತಿಲ್ಲ.

ಹೋದಮೇಲಿನ ಮೊದಲ ತಿಂಗಳಿಗೆ ಕೈಯಲ್ಲಿ ಪ್ರತ್ಯೇಕ ದುಡ್ಡಿರಬೇಕು. ಬ್ಲಾಕ್ಡ್ ಅಕೌಂಟಿನ ಹಣ ಬರಬೇಕಾದರೆ ಅಲ್ಲಿ ಬ್ಯಾಂಕ್ ಖಾತೆ ಬೇಕು, ಖಾತೆಗೆ ವಿಳಾಸ ನೋಂದಣಿ ಬೇಕು, ನೋಂದಣಿಗೆ ಮನೆ ಮಾಲೀಕರ ಸಹಿ ಬೇಕು. ಇಷ್ಟರ ನಡುವೆ ಎರಡು ಮೂರು ತಿಂಗಳ ಬಾಡಿಗೆಯಷ್ಟು ಡಿಪಾಸಿಟ್ ಕೇಳುತ್ತಾರೆ. ಮನೆ ಸೇರಿದ ಎರಡು ವಾರದೊಳಗೆ ನೋಂದಣಿ ಆಗಬೇಕು. ಟಿವಿ ಇಲ್ಲದಿದ್ದರೂ ಪ್ರತಿ ಮನೆಗೆ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಬರುತ್ತದೆ, ರೂಮ್‌ಮೇಟ್‌ಗಳ ಜೊತೆ ಹಂಚಿಕೊಳ್ಳಿ. ಇನ್ನೊಂದು: ಅಲ್ಲಿ ತರಗತಿಗೆ ಹೆಸರು ಹಚ್ಚಿದರೆ ಪರೀಕ್ಷೆಗೆ ಹಚ್ಚಿದಂತಲ್ಲ. ಪರೀಕ್ಷೆಗೆ ಬೇರೆ ನೋಂದಣಿ, ಅದಕ್ಕೂ ಗಡುವು. ಹಾಲ್ ಟಿಕೆಟ್ ತಾನಾಗಿಯೇ ಬರುತ್ತದೆ ಅಂತ ಕೂತರೆ ಸೆಮಿಸ್ಟರ್ ಹೋಯಿತು. ಆರಿಸಿದ ಪೇಪರ್ ರದ್ದಾದರೆ ಮೊದಲ ಕೆಲ ವಾರಗಳಲ್ಲೇ ಲರ್ನಿಂಗ್ ಅಗ್ರಿಮೆಂಟ್ ತಿದ್ದಿಸಿ ಇಲ್ಲಿನ ಸಹಿ ಮತ್ತೆ ತರಿಸಿ. ಈ ತಿದ್ದುಪಡಿ ಮರೆತವರು ಕ್ರೆಡಿಟ್ ಕಳೆದುಕೊಳ್ಳುತ್ತಾರೆ.

ಇಷ್ಟೆಲ್ಲ ಪಾಡು ಪಟ್ಟು ಸಿಗುವುದೇನು? ಕ್ಯಾಂಪಸ್ಸಿಗೆ ಬರುವ ದೊಡ್ಡ ಐಟಿ ಕಂಪನಿಗಳಿಗೆ ಇದು ಲೆಕ್ಕಕ್ಕಿಲ್ಲ. ಅವರ ಪೋರ್ಟಲ್ ನೋಡುವುದು ಪರ್ಸೆಂಟೇಜು ಮತ್ತು ಬ್ಯಾಕ್‌ಲಾಗ್, ಅಷ್ಟೇ. ಕ್ರೆಡಿಟ್ ವರ್ಗಾವಣೆ ತಡವಾದರೆ ಅದೇ ಬ್ಯಾಕ್‌ಲಾಗ್ ಆಗಿ ಕಾಣುತ್ತದೆ. ಉಪಯೋಗ ನಿಚ್ಚಳವಾಗಿ ಕಾಣುವುದು ಮುಂದೆ ಎಂಎಸ್, ಪಿಎಚ್‌ಡಿ ಯೋಚನೆ ಇರುವವರಿಗೆ. ಅಲ್ಲಿನ ಪ್ರೊಫೆಸರ್ ಕೈಕೆಳಗೆ ಒಂದು ಪ್ರಾಜೆಕ್ಟ್ ಮಾಡಿ ತಂದ ಶಿಫಾರಸು ಪತ್ರದ ತೂಕ ಇಲ್ಲಿನ ನಾಲ್ಕು ಪತ್ರಗಳಿಗಿಲ್ಲ. ಮೆಟಲರ್ಜಿ, ಮೈನಿಂಗ್, ಕೃಷಿ ಓದುವವರಿಗೆ ಲ್ಯಾಬ್ ವ್ಯತ್ಯಾಸವೇ ಸಾಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಣ್ಣೆದುರೇ ಇದ್ದರೂ ಉಕ್ಕಿನ ಸೂಕ್ಷ್ಮರಚನೆ ನೋಡುವ ಉಪಕರಣ ಕಾಲೇಜಿನಲ್ಲಿ ಕೈಗೆ ಸಿಗುವುದು ಅಪರೂಪ. ಬಿಕಾಂ ಓದುತ್ತ ಸಿಎ ಗುರಿ ಇಟ್ಟುಕೊಂಡವರು ಹೋಗುವುದು ಬೇಡ, ದುಡ್ಡೂ ಹೊತ್ತೂ ಎರಡೂ ದಂಡ.

ಪ್ಯಾಕೇಜು ಕೊಳ್ಳುವ ಮೊದಲು ನೋಡಬೇಕಾದವು ಇನ್ನೂ ಇವೆ. ಯುರೋಪಿನ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಒಪ್ಪಂದ ಇರುವ ಸಂಸ್ಥೆಯ ವಿದ್ಯಾರ್ಥಿಗಳಿಗೆ ದೇಶ ನೋಡಿಕೊಂಡು ತಿಂಗಳಿಗೆ 800ರಿಂದ 900 ಯೂರೊ ಸಿಗುತ್ತದೆ, ಪ್ರಯಾಣದ ದುಡ್ಡು ಬೇರೆ. ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ 12 ವಾರದ ಸಂಶೋಧನಾ ಇಂಟರ್ನ್‌ಶಿಪ್ ಬೇಸಿಗೆ ರಜೆಯ ಸುತ್ತ ಬರುವುದರಿಂದ ಕ್ರೆಡಿಟ್ಟಿನ ರಗಳೆಯೇ ಕಡಿಮೆ. ಸಂಯೋಜಿತ ಕಾಲೇಜಿನವರಿಗೆ ನಾವು ಮೊದಲು ಹೇಳುವುದು ಇಂಥ ಇಂಟರ್ನ್‌ಶಿಪ್ಪನ್ನೇ. ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಬ್ರಿಟಿಷ್ ಕೌನ್ಸಿಲ್ ಜೊತೆ 'ಸ್ಕೌಟ್' ಹೆಸರಿನಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳನ್ನು ಎರಡು ವಾರ ಬ್ರಿಟನ್‌ಗೆ ಕಳಿಸಿದ್ದೂ ಇದೆ. ಅದೇ ಎರಡು ವಾರವನ್ನು ಲಕ್ಷಗಟ್ಟಲೆಗೆ ಮಾರುವ ಇಮ್ಮರ್ಷನ್ ಟೂರಿನಲ್ಲಿ ಕ್ರೆಡಿಟ್ ಇಲ್ಲ, ಪರೀಕ್ಷೆ ಇಲ್ಲ, ಇರುವುದು ಸರ್ಟಿಫಿಕೇಟು ಮತ್ತು ಬಸ್ಸಿನಲ್ಲಿ ತೆಗೆದ ಫೋಟೊ.

ಕನ್ಸಲ್ಟೆನ್ಸಿ ಬೇಡವೇ ಬೇಡ ಎಂದಲ್ಲ. ವೀಸಾ ಅರ್ಜಿ ತುಂಬುವುದು, ಅಪಾಯಿಂಟ್‌ಮೆಂಟ್ ಹಿಡಿಯುವುದು, ಕಾಗದ ಜೋಡಿಸುವುದರಲ್ಲಿ ಇಲ್ಲಿನ ಒಳ್ಳೆಯ ಅಂಗಡಿಗಳಿಗೆ ಕೈ ಪಳಗಿದೆ. ಆ ಕೆಲಸಕ್ಕಷ್ಟೇ ಬಿಡಿಯಾಗಿ ದರ ಮಾತಾಡಿ. ಅಪೊಸ್ಟಿಲ್ (ದಾಖಲೆ ಅಸಲಿ ಅಂತ ವಿದೇಶದಲ್ಲಿ ತೋರಿಸಲು ಸರ್ಕಾರ ಹಾಕುವ ಮುದ್ರೆ) ಬೇಕೆಂದರೆ ಸರ್ಕಾರಿ ಶುಲ್ಕ ಒಂದು ದಾಖಲೆಗೆ 50 ರೂಪಾಯಿ ಅನ್ನೋದು ನೆನಪಿರಲಿ. ಅದರ ಮೇಲೆ ಅಧಿಕೃತ ಏಜೆನ್ಸಿಯ ಸೇವಾಶುಲ್ಕ, ಬೆಂಗಳೂರಿಗೆ ಹೋಗಿಬರುವ ಖರ್ಚು ಸೇರಿಸಿ ಕೊಡಿ, ಹತ್ತುಪಟ್ಟು ಬೇಡ. ವೀಸಾ ಸಿಗದಿದ್ದರೆ ಎಷ್ಟು ವಾಪಸ್, ಎಷ್ಟು ದಿನದಲ್ಲಿ ಅನ್ನೋದು ರಸೀದಿಯ ಮೇಲೆಯೇ ಇರಲಿ. 'ಅಡ್ಮಿಷನ್ ಗ್ಯಾರಂಟಿ' ಬರೆದುಕೊಡುತ್ತಾರೆ, 'ಕ್ರೆಡಿಟ್ ಗ್ಯಾರಂಟಿ' ಬರೆದುಕೊಡಿ ಅಂದರೆ ಪೆನ್ನು ಮುಚ್ಚುತ್ತಾರೆ. ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ನಡುವೆ ಮನಸ್ಸು ಬದಲಾದರೆ ಉಳಿದ ಕಂತು ಕಟ್ಟುವವರೆಗೆ ಅವನ್ನು ಹಿಡಿದಿಟ್ಟುಕೊಳ್ಳುವವರಿದ್ದಾರೆ. ಅಪೊಸ್ಟಿಲ್‌ಗೆ ಮೂಲ ಕೊಡಲೇಬೇಕಾದಾಗ ದಾಖಲೆಯ ನಂಬರು, ವಾಪಸ್ ಕೊಡುವ ತಾರೀಖು ಬರೆದ ಸ್ವೀಕೃತಿಗೆ ಅಂಗಡಿಯ ಸೀಲು ಹಾಕಿಸಿಕೊಂಡೇ ಕೈಬಿಡಿ.